ಕವಡಿಯ ದಂಡೆಯಲ್ಲಿ ಜಕ್ಕವಕ್ಕಿ

ಇಪ್ಪತ್ತಾರು ವರುಷ ಕಲಿಸಿದ್ದೇನೆ ಜಕ್ಕವಕ್ಕಿಯನ್ನು
ಪುಣೆಯ ಕನ್ನಡ ಶಾಲೆಯ ಎರಡನೆಯ ಮಹಡಿಯಲ್ಲಿ,
ಒಂಬತ್ತನೆಯ ಇಯತ್ತೆಗೆ, ಊಟದ ಗಂಟೆಯ ನಂತರ,
ಅರ್ಧ ತರಗತಿ ತೂಕಡಿಸುವ ಹೊತ್ತಿನಲ್ಲಿ:
ಹಗಲೆಲ್ಲ ಜೋಡಿ, ಸಂಜೆಯಾದರೆ ಅಗಲಿಕೆ,
ಹೊಳೆಯ ಆ ದಡಕ್ಕೊಂದು ಈ ದಡಕ್ಕೊಂದು,
ರಾತ್ರಿಯಿಡೀ ಕೂಗು.
ಬರೆದುಕೊಳ್ಳಿ, ಎರಡು ಅಂಕದ ಪ್ರಶ್ನೆ.

ಹಕ್ಕಿ ಹೇಗಿರುತ್ತದೆ ಎಂದು ಯಾರೂ ಕೇಳಲಿಲ್ಲ.
ಕೇಳಿದ್ದರೆ ಏನು ಹೇಳುತ್ತಿದ್ದೆನೋ.

ಈ ಭಾನುವಾರ ಕವಡಿಯಲ್ಲಿ ಹಕ್ಕಿಹಬ್ಬ.
ನಸುಕಿಗೇ ಹಡಪಸರದಿಂದ ಎರಡು ಸಿಕ್ಸ್‌ಸೀಟರ್ ಮಾಡಿ ಬಂದೆವು:
ಹನ್ನೊಂದು ಮಕ್ಕಳು, ನಾನು, ಮಫ್ಲರಿನೊಳಗೆ ನಮ್ಮ ಮನೆಯವರು.
ದಂಡೆಯ ಮೇಲೆ ಶಾಮಿಯಾನ, ಬಟಾಟೆ ಪೋಹೆ,
ರಟ್ಟಿನ ಕೊಕ್ಕು ಕಟ್ಟಿಕೊಂಡು ಕುಣಿಯುವ ಅಂಗನವಾಡಿ,
ಸರಪಂಚರ ಭಾಷಣಕ್ಕೆ ಮೈಕು ಕೆಟ್ಟದ್ದು ಹಕ್ಕಿಗಳ ಪುಣ್ಯ.
ನೀರಿನ ಮೇಲೆ ನೊರೆ.
ಹಾಲುಕ್ಕಿದಂತೆ ಎನ್ನಲು ಬಾಯಿಗೆ ಬಂತು; ಮೂಗು ಬಿಡಲಿಲ್ಲ.
ಊರಿಗೆ ಊರೇ ಮಿಂದು ತೊಳೆದು ಕಳಿಸಿದ್ದು,
ತಡೆಗಲ್ಲಿಗೆ ಸಿಕ್ಕು ನಿಂತಿದೆ
ಜಲಕುಂಭಿ, ಒಂದು ಚಪ್ಪಲಿ, ನಿರ್ಮಾಲ್ಯದ ಪ್ಲಾಸ್ಟಿಕ್ ಚೀಲ.

ಅವನಿ ಗೋಡಬೋಲೆ ಎಂಬ ಹುಡುಗಿ ಮುಕ್ಕಾಲಿ ಸರಿಪಡಿಸಿ
"ಬಾಯಿ, ಇಕಡೆ ಬಘಾ, ಚಕ್ರವಾಕ" ಎಂದಳು.
ಒಂದು ಕಣ್ಣು ಮುಚ್ಚಿ ಇನ್ನೊಂದನ್ನು ದುರ್ಬೀನಿಗಿಟ್ಟೆ.
ಮೊದಲು ನನ್ನದೇ ರೆಪ್ಪೆ. ಆಮೇಲೆ ನೊರೆ.
ಆಮೇಲೆ
ಸುಟ್ಟ ಇಟ್ಟಿಗೆಯ ಬಣ್ಣದ ಮೈ,
ಗೋದಿಹಿಟ್ಟು ಮೆತ್ತಿದಂಥ ತಲೆ,
ಕೊರಳಲ್ಲಿ ಇದ್ದೂ ಇಲ್ಲದ ಕರಿಗೆರೆ.
ಕೆಸರಲ್ಲಿ ಕೊಕ್ಕಾಡಿಸುತ್ತಿತ್ತು
ಯಾವ ಉಪಮೆಗೂ ಕಾಯದೆ.

ಇದೇನಾ, ಎಂದೆ. ಇಷ್ಟು ದಪ್ಪಗೆ?

ಬಲೆಯ ಗಂಟು ಬಿಡಿಸುತ್ತ ಕೂತಿದ್ದ ಧೋಂಡಿಬಾನಿಗೆ
ನನ್ನ ಪಾಠವನ್ನೆಲ್ಲ ಮರಾಠಿಯಲ್ಲಿ ಒಪ್ಪಿಸಿದೆ,
ಅಗಲಿಕೆ, ಎರಡು ದಡ, ಕೂಗು.
ನಕ್ಕ. ಹಲ್ಲಿಗಿಂತ ಸಂದಿಯೇ ಹೆಚ್ಚು.
"ರಾತ್ರಿ ನಾನಿಲ್ಲೇ ಇರ್ತೀನಲ್ಲ ತಾಯಿ,
ಜೋಡಿಯಲ್ಲೇ ಮೇಯ್ತವೆ, ಹೊಲಕ್ಕೂ ಒಟ್ಟಿಗೇ ಹೋಗ್ತವೆ.
ಕೂಗೋದೇನೋ ಹೌದು. ಜಗಳ ಅದು. ಒಂದೇ ಸಮ."

ಮಕ್ಕಳು ನನ್ನ ಮುಖ ನೋಡಿದರು.
ಹಿಂದಿನ ಬೆಂಚಿನ ಮಲಕಪ್ಪ ಬಿರಾಜದಾರ:
"ಹಂಗಾದ್ರ ಟೀಚರ್, ಆ ಎರಡು ಮಾರ್ಕು?"

ಇವರು ಅತ್ತ ಜಾಲಿಮರದ ಕೆಳಗೆ ಚಹ ಆರಿಸುತ್ತಿದ್ದರು.
ಹತ್ತೊಂಬತ್ತು ವರುಷ ಭೋಸರಿಯಲ್ಲಿ ರಾತ್ರಿಪಾಳಿ,
ನನ್ನದು ಹಗಲಿನ ಶಾಲೆ.
ಬಾಗಿಲಲ್ಲಿ ಕೀಲಿಕೈ ಕೈ ಬದಲಿಸುತ್ತಿತ್ತು.
ಫ್ರಿಜ್ಜಿನ ಮೇಲೆ ಚೀಟಿ: ಹಾಲು ತಂದಿಲ್ಲ. ಪಲ್ಯ ಒಳಗಿದೆ.
ಯಾರಿಗೂ ಹೇಳಿಲ್ಲ, ಪಾಠ ಮಾಡುವಾಗ
ಆ ದಡದಲ್ಲಿ ನನಗೆ ಕಾಣುತ್ತಿದ್ದದ್ದು ಹಕ್ಕಿಯಲ್ಲ,
ಎಣ್ಣೆ ಮೆತ್ತಿದ ನೀಲಿ ಅಂಗಿ,
ಲೇತಿನ ಮುಂದೆ ಬಾಗಿದ ಬೆನ್ನು.
ಈಗ ಪಾಳಿ ಮುಗಿದಿದೆ. ರಾತ್ರಿಯೂ ಮನೆಯಲ್ಲೇ.
ಫ್ಯಾನಿನ ವೇಗಕ್ಕೆ, ಟೀವಿಯ ಸದ್ದಿಗೆ,
ಒಂದೇ ಸಮ.

ಎಣಿಕೆಯ ಹಾಳೆ ಕೈಗೆ ಬಂತು.
ಇಪ್ಪತ್ತಮೂರು ಎಂದರು ಹುಡುಗರು.
ಇಪ್ಪತ್ತನಾಲ್ಕು, ಒಂದು ನೊರೆಯ ಹಿಂದೆ ಹೋತು ಎಂದಳು ಶಾಂಭವಿ.
ಹೋದ ಸಲ ಅರವತ್ತರ ಮೇಲಿದ್ದುವಂತೆ.
ಅಷ್ಟು ಹೇಳಿ ಅವನಿ ಪೆನ್ನಿನ ಮುಚ್ಚಳ ಕಚ್ಚಿದಳು.
ಹೆಸರಿನ ಕಲಮಿನಲ್ಲಿ, ನಿಮ್ಮ ಭಾಷೆಯಲ್ಲೇ ಇರಲಿ ಎಂದಳು.
ಬರೆದೆ, ನಿಧಾನಕ್ಕೆ:
ಜೋಡಿ ಕಕಾರ ಒಂದು ಸಲ, ಮತ್ತೊಂದು ಸಲ.
ಷರಾ ಎಂಬಲ್ಲಿ ಮಲಕಪ್ಪ ತಾನೇ ಬರೆದ:
ರಾತ್ರಿ ಅಗಲುವುದಿಲ್ಲ. ನೀರು ನಾರುತ್ತದೆ.
ಎರಡಕ್ಕೆ ಎರಡು ಕೊಟ್ಟೆ.

ಹೊರಡುವ ಹೊತ್ತಿಗೆ ನೋಡಿದರೆ
ದುರ್ಬೀನಿಗೆ ಕಣ್ಣಿಟ್ಟು ನಿಂತುಬಿಟ್ಟಿದ್ದಾರೆ ಇವರು,
ಹಿಂದೆ ರಟ್ಟಿನ ಕೊಕ್ಕುಗಳ ಉದ್ದ ಸಾಲು.
ಸಾಕು ಬರ್ರಿ, ಎಂದೆ, ಕೂಸುಗಳು ಕಾಯ್ತಾವ.
ತಲೆ ಎತ್ತಲಿಲ್ಲ.
"ತಡೀ," ಎಂದರು,
"ಇನ್ನೊಂದು ಎಲ್ಲೈತಿ ನೋಡ್ತೀನಿ."