ಬಾಡಿಗೆ ಕುರ್ಚಿಗಳ ಲೆಕ್ಕ

ಪೀಣ್ಯ ಎರಡನೇ ಹಂತ, ಸ್ಪ್ರಿಂಗ್ ಮಾಡುವ ವರ್ಕ್‌ಶಾಪಿನ ಮೇಲೆ
ಮೂರನೇ ಮಹಡಿ. ಭಾನುವಾರ ಲೇತ್ ಮಲಗಿರುತ್ತದೆ,
ಎಣ್ಣೆ ವಾಸನೆಗೆ ಮಾತ್ರ ರಜೆಯಿಲ್ಲ.
ಕುರ್ಚಿ ಹೊರುವ ಕೆಲಸ ನನ್ನದು.

ಮೊದಲ ಸಲ ಏಳು.
ಶಾಮಿಯಾನದ ಮುನಿಸಂಜೀವಪ್ಪ ರಸೀದಿ ಹರಿಯುತ್ತ ಕೇಳಿದ:
'ಏನು ಫಂಕ್ಷನ್ನು?'
ಬಾಯಿಗೆ ಬಂದದ್ದು, ಚೀಟಿ ಹರಾಜು.
ಮರುವಾರ ಹನ್ನೊಂದು. ನಾಮಕರಣ, ಅಂದೆ.
ಅದು ಪೂರ್ತಿ ಸುಳ್ಳಲ್ಲ.

ಆವತ್ತೇ ರಿಜಿಸ್ಟರಿನಲ್ಲಿ
ಗಾರ್ಮೆಂಟ್ಸಿನ ವಸಂತಾ ಹೆಸರು ಬರೆದು
ಪೆನ್ನು ಎತ್ತದೆ ತುಸು ಹೊತ್ತು ಕೂತು
ಕೊನೆಯ ಇಳಿಯನ್ನು ಹೊಡೆದು ಹಾಕಿದ.
ವಸಂತ.
'ತ ಇಳಿ ತಾ' ಎಂದು ಒಂದನೇ ಕ್ಲಾಸಿನಲ್ಲಿ ಕೂಗಿ ಕಲಿತದ್ದನ್ನು
ಮೂವತ್ತೊಂದನೇ ವಯಸ್ಸಿಗೆ ಇಳಿಸಿದ,
ಹುಲ್ಲಿನ ಹೊರೆ ಇಳಿಸಿದವರ ಹಾಗೆ
ಕತ್ತನ್ನೊಮ್ಮೆ ಎಡಕ್ಕೆ ಹೊರಳಿಸಿ
ಒಮ್ಮೆ ಬಲಕ್ಕೆ.

ಇದಕ್ಕೂ ಮುಂಚೆ ಎರಡು ಬಸ್ಸು ಬದಲಿಸಿ
ಇಂದಿರಾನಗರದ ಗುಂಪಿಗೆ ಹೋಗುತ್ತಿದ್ದೆ. ಒಳ್ಳೆಯವರು.
ಇಲ್ಲಿನ ಮೊದಲ ಮೂರು ತಿಂಗಳ ಬಾಡಿಗೆ ಕಟ್ಟಿದ್ದೂ ಅವರೇ.
ಆದರೆ ಅಲ್ಲಿ ನನ್ನ ಸರದಿ ಬಂದಾಗ
ಅಳು ಕನ್ನಡದಲ್ಲಿ ಬರುತ್ತಿತ್ತು
ಮಾತು ಇಂಗ್ಲಿಷಿನಲ್ಲಿ ಬರುತ್ತಿರಲಿಲ್ಲ.
ಇಲ್ಲಿ 'ನಾನು ಬಂದೆ' ಅಂದರೆ ಸಾಕು,
ಬಂದನೋ ಬಂದಳೋ ಎಂದು
ಆ ಮಾತು ನನ್ನನ್ನು ತಿರುಗಿ ಕೇಳುವುದಿಲ್ಲ.

ಹದಿನಾರು. ಹತ್ತೊಂಬತ್ತು.
ದಾಸರಹಳ್ಳಿ, ಲಗ್ಗೆರೆ, ಚಿಕ್ಕಬಾಣಾವರದಿಂದ.
ಕೊರಿಯರಿನ ಇಮ್ತಿಯಾಜ್, ಐಟಿಐ ಓದುವ ಲೋಹಿತಾಶ್ವ
ಕಿಟಕಿ ಹಾಕಿದ ಮೇಲೇ ಕೈ ಹಿಡಿಯುವುದು.
ಆ ಕಿಟಕಿಯಾಚೆ ಇರುವುದೊಂದು ನೀರಿನ ಟ್ಯಾಂಕು
ಅದರ ಮೇಲೊಂದು ಪಾರಿವಾಳ.
ಇಡ್ಲಿ ಗಾಡಿಯ ನಗೀನಾ ಅಕ್ಕ
ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಬರುತ್ತಾಳೆ
ಐದು ನಿಮಿಷ ತಡವಾದವರಿಗೆ ಬೈಗುಳ,
ಚಟ್ನಿ ಮಾತ್ರ ಎಲ್ಲರಿಗೂ ಒಂದೇ ಅಳತೆ.

ಮಗನ ಫೋನಿನಿಂದ ವಿಳಾಸ ಕದ್ದು ಬಂದ ತಾಯಿಯೊಬ್ಬರು
ಚಪ್ಪಲಿ ಬಿಡದೆ ಬಾಗಿಲಲ್ಲೇ ನಿಂತು ಕೇಳಿದರು:
'ಇದು ವಾಸಿಯಾಗುತ್ತಾ?'
ಹತ್ತೊಂಬತ್ತು ಕುರ್ಚಿ ಸುಮ್ಮನಾದವು.
ನಗೀನಾ ಅಕ್ಕ ತಟ್ಟೆ ಚಾಚಿದಳು,
'ಬೆಳಗಿನಿಂದ ತಿಂದಿಲ್ಲ ನೀನು. ಮುಖ ನೋಡಿದರೆ ಗೊತ್ತಾಗಲ್ವಾ.'
ತಾಯಿ ತಿಂದರು. ಅತ್ತರು. ಮತ್ತೆರಡು ಹಾಕಿಸಿಕೊಂಡರು.
ವಾಸಿಯ ಪ್ರಶ್ನೆ ಇನ್ನೂ ಬಿಟ್ಟಿಲ್ಲ,
ಭಾನುವಾರವನ್ನೂ ಬಿಟ್ಟಿಲ್ಲ.

ಎರಡೇ ವಾರ ಬಂದ ಹುಡುಗಿಯೊಬ್ಬಳಿದ್ದಳು.
ತುರುವೇಕೆರೆಯಲ್ಲಿ ಮದುವೆಯಂತೆ, ಫೋನು ಅಣ್ಣನ ಹತ್ತಿರವಂತೆ.
ಅವಳ ಹೆಸರಿನ ಮುಂದೆ ಗೈರು ಎಂದು ಬರೆಯಲು
ನನ್ನ ಕೈ ಬಂದಿಲ್ಲ.
ಚೌಕ ಖಾಲಿ ಇದೆ. ಪ್ರತಿ ವಾರ ಒಂದೊಂದು ಚೌಕ.

ಈ ನಡುವೆ ಮುನಿಸಂಜೀವಪ್ಪನಿಗೆ
ಭಜನೆ, ಸೀಮಂತ, ಇನ್ಶೂರೆನ್ಸ್ ಮೀಟಿಂಗು
ಎಲ್ಲ ಹೇಳಿ ಮುಗಿಸಿದ್ದೆ. ಒಂದು ದಿನ ಅವನೇ ಕೇಳುವುದು ಬಿಟ್ಟ.
ಇಪ್ಪತ್ತು ಅಂದರೆ ಇಪ್ಪತ್ತೊಂದು ಏರಿಸಿದ ಗಾಡಿಗೆ.
'ಇಪ್ಪತ್ತಕ್ಕೆ ದುಡ್ಡು ಕೊಡು. ಒಂದು ಲೆಕ್ಕಕ್ಕಿಲ್ಲ.'
ಯಾರಿಗಣ್ಣ ಎನ್ನಲು ಬಾಯಿ ತೆರೆದೆ.
ಕೇಳಬಾರದು ಎನ್ನುವುದು ನಾವೇ ಗೋಡೆಗೆ ಅಂಟಿಸಿದ ಮೊದಲ ನಿಯಮ.
ಮುಚ್ಚಿದೆ.
ಆ ಕುರ್ಚಿಯನ್ನು ಮೆಟ್ಟಿಲ ಪಕ್ಕ ಹಾಕುತ್ತೇವೆ, ಕಾಲು ಸ್ವಲ್ಪ ವಕ್ರ.
ಇನ್ನೂ ಯಾರೂ ಕೂತಿಲ್ಲ.

ಕಳೆದ ವಾರ ನೆಲಮಂಗಲದಿಂದ ಬಂದವರು ನಾಲ್ಕು ಜನ.
ಮಾತು ಕುದುರುವ ಹೊತ್ತಿಗೆ ಬಸ್ಸಿನ ಹೊತ್ತು ನೋಡುತ್ತಾರೆ.
'ಅಲ್ಲೇ ಒಂದು ಶುರು ಮಾಡೋಣ' ಎಂದ ವಸಂತ,
ಆಗಲೇ ಕೋಣೆ ನೋಡಿಕೊಂಡು ಬಂದವನ ದನಿಯಲ್ಲಿ.

ಕುರ್ಚಿ ವಾಪಸು ಕೊಡುವಾಗ ವಿಚಾರಿಸಿದೆ:
ನೆಲಮಂಗಲದಲ್ಲಿ ಬಾಡಿಗೆಗೆ ಕೊಡುವವರು ಯಾರಾದರೂ?
ಮುನಿಸಂಜೀವಪ್ಪ ಕುರ್ಚಿಗಳನ್ನು ಒಂದರೊಳಗೊಂದು ಪೇರಿಸುತ್ತ,
ಎಣಿಸುತ್ತ, ತಪ್ಪಿ, ಮತ್ತೆ ಮೊದಲಿನಿಂದ ಎಣಿಸಿ
ರಸೀದಿಯ ಬೆನ್ನಿಗೆ ನಂಬರು ಬರೆದ.
'ನನ್ನ ಷಡ್ಡಕ. ಬಾಯಿ ಜಾಸ್ತಿ, ಏನು ಫಂಕ್ಷನ್ನು ಅಂತಾನೆ.
ನಾಮಕರಣ ಅನ್ನು.'