ಎರಡು ವರ್ಷ ಮೊದಲೇ

ನವನಗರದ ಮನೆಗೆ ಹೆಳವರ ರಾಯಪ್ಪ
ಎತ್ತಿಲ್ಲದೆ ಬಂದ. ಹಳೇ ಹೀರೋ ಹೋಂಡಾ,
ಹ್ಯಾಂಡಲ್ಲಿಗೆ ಅಜ್ಜನ ಕಾಲದ ಗಂಟೆ,
ಸೀಟಿನ ಹಿಂದೆ ಕೆಂಪು ಅರಿವೆಯಲ್ಲಿ ಸುತ್ತಿದ ವಂಶ.
ಸೆಕ್ಟರ್ ನಂಬರ್ ಕೇಳಿ ಕೇಳಿ ದಣಿದಿದ್ದ.
"ಊರಿದ್ದಾಗ ಗಿಡ ನೋಡಿ ಮನಿ ಹಿಡೀತಿದ್ವಿ, ಅಕ್ಕಾರ."

ಚಹಾ ಕುಡಿದು ಓದಿದ:
ಜಾಲಿಗಿಡದ ಮನೆತನ, ಮೂಲ ಸವದತ್ತಿ ಸೀಮೆ.
ಹೊಳೆ ಹಿಡಿದು ಬಂದವನು ಅಡಿವೆಪ್ಪ,
ಅವನ ಮಗ ಕೋರಣ್ಣ, ಕೋರಣ್ಣನಿಗೆ ಮೂವರು,
ಒಬ್ಬ ಬ್ಯಾನಿ ಬಿದ್ದು ಹೋದ, ಒಬ್ಬ ಮಠ ಸೇರಿದ,
ಉಳಿದವನ ಮಗ ಚನವೀರಪ್ಪ, ಅವನ ಮಗ
ನಿಮ್ಮಪ್ಪ ಗದಿಗೆಪ್ಪ, ಗದಿಗೆಪ್ಪನ ಮಗ ನಿಮ್ಮ ತಮ್ಮ.
ಮುಗಿಯಿತು ಎಂಬಂತೆ ಬೆರಳೆತ್ತಿದ.

"ನನಗಿಂತ ಮೊದಲೊಂದು ಕೂಸಿತ್ತು" ಅಂದೆ.
"ಗಂಡೇನ್ರಿ?"
"ಹೆಣ್ಣು. ಇಪ್ಪತ್ತಾರು ದಿನ."
ಅವನು ಪುಟ ತಿರುವಲಿಲ್ಲ. ತಿರುವಿದ್ದರೆ
ಸುಳ್ಳಾಗುತ್ತಿತ್ತು, ಇಬ್ಬರಿಗೂ ಗೊತ್ತಿತ್ತು.
"ಹೆಣ್ಮಕ್ಕಳು ಕೊಟ್ಟ ಮನಿಗೆ ಸೇರಿದವ್ರು.
ಕೊಡೂಕಿಂತ ಮೊದಲ ಹೋದವ್ರು..."

ಅವಳಿರುವ ಪುಸ್ತಕ ಬೇರೆ.
ಬೀಳಗಿ ಕಚೇರಿಯ ಜನನ ರಜಿಸ್ಟರು,
ಗೆದ್ದಲು ತಿಂದ ಅಂಚು, ವಾಲೀಕಾರ ಬರೆಸಿದ ಸಾಲು:
ಹೆಣ್ಣು. ಮುರಿಗೆವ್ವ. ತಂದೆ ಗದಿಗೆಪ್ಪ.
ತಾಯಿಯ ಕಾಲಂ ಖಾಲಿ.
ಸಾವು ಬರೆಸಲು ಯಾರೂ ಹೋಗಲಿಲ್ಲ.

ಎರಡು ವರ್ಷಕ್ಕೆ ನಾನು. ತೊಟ್ಟಿಲು ಅದೇ,
ಅವ್ವ ಹೆಸರೂ ಅದನ್ನೇ ಇಟ್ಟಳು.
ಸಾಲಿಗೆ ಹಚ್ಚುವಾಗ ಮಾಸ್ತರರು ದಾಖಲೆ ಕೇಳಿದರು,
ಅಪ್ಪ ಇದ್ದದ್ದನ್ನು ಒಯ್ದ.
ಅವಳು ಹುಟ್ಟಿದ ದಿನದ ಮೇಲೆ ನಾನು
ಪಾಸಾದೆ, ನರ್ಸಬಾಯಿ ಆದೆ,
ಮೂವತ್ತೇಳು ವರ್ಷ ಹಳ್ಳಿ ಹಳ್ಳಿ ತಿರುಗಿ
ಎಳೆ ತೊಡೆಗಳಿಗೆ ಲಸಿಕೆ ಚುಚ್ಚಿ
ಕಾರ್ಡು ಬರೆದೆ, ತಾಯಿ ಹೆಸರು ಮೊದಲು.
ಕಳೆದ ಮೇ ಕೊನೆಗೆ ಶಾಲು ಹೊದಿಸಿ ಕಳಿಸಿದರು,
ಎರಡು ವರ್ಷ ಮೊದಲೇ.
"ಆ ಪಗಾರ ಆಕಿ ಪಾಲು ಬಿಡು" ಎಂದ ತಮ್ಮ. ನಕ್ಕೆವು.

ಅವಳನ್ನು ಹಿತ್ತಲ ನುಗ್ಗಿಯ ಬುಡದಲ್ಲಿ ಇಟ್ಟಿದ್ದರು.
ಮುಳುಗಡೆ ಅಳತೆಯ ಸಾಹೇಬ ಬರೆದುಕೊಂಡ:
ಬೇವು ಎರಡು, ಹುಣಸಿ ಒಂದು, ನುಗ್ಗಿ ಒಂದು.
ನುಗ್ಗಿಗೆ ಬಂದ ರೊಕ್ಕ ಅವ್ವ ಮುಟ್ಟಲಿಲ್ಲ.
ಅಪ್ಪ ಕೇಳಲೂ ಇಲ್ಲ, ಯಾಕೆಂದು.

ರಾಯಪ್ಪನಿಗೆ ಜೋಳ ಅಳೆದೆ, ಒಂದು ಧೋತರ,
ಹಿತ್ತಾಳಿ ಚರಿಗೆ. ಆಮೇಲೆ ಪೆನ್ನು ಕೇಳಿದೆ.
"ನೀವಽ ಬರೀರಿ" ಎಂದು ಅಂಚಿನ ಜಾಗ ತೋರಿಸಿದ,
ಹೊಣೆ ತನ್ನದಲ್ಲ ಎಂಬಂತೆ.
ಕಾರ್ಡು ಬರೆದು ರೂಢಿಯಾದ ಕೈ
ತಾಯಿಯಿಂದಲೇ ಹೊರಟಿತು:
ತಾಯಿ ಶಾವಂತ್ರೆವ್ವ. ಅವಳ ತಾಯಿ ನೀಲವ್ವ,
ಕಲಾದಗಿಯ ದಾಳಿಂಬೆ ತೋಟದವಳು.
ಅವಳ ತಾಯಿ
ಅಲ್ಲಿ ನಿಂತಿತು. ಕೇಳಲು ಯಾರೂ ಉಳಿದಿಲ್ಲ.
ಆರು ತಲೆ ಗಂಡಸರನ್ನು ಒಂದೇ ಉಸಿರಿಗೆ ಹೇಳಿದ ಪಡಸಾಲೆಯಲ್ಲಿ
ಮೂರನೆಯ ಹೆಂಗಸಿಗೆ ಹೆಸರು ಸಿಗಲಿಲ್ಲ.

ಗೆರೆ ಎಳೆದು ಕೂಸಿನ ಹೆಸರು ಬರೆಯುವಾಗ
ರಾಯಪ್ಪ ಬಗ್ಗಿ ನೋಡಿದ.
"ಇದು ನಿಮ್ಮ ಹೆಸರಲ್ರೀ?"
"ಮೊದಲ ಆಕೀದು" ಅಂದೆ.

ಮಸಿ ಆರಲೆಂದು ಪುಸ್ತಕ ತೆರೆದೇ ಇಟ್ಟು
ಇನ್ನೊಂದು ಚಹಾ ಕೇಳಿದ.