ಹದಿಮೂರನೇ ಬಲೆ

ಲೆಕ್ಕದ ಪುಸ್ತಕ ನನ್ನ ಕೈಲಿರುವುದರಿಂದ
ಮೊದಲು ಲೆಕ್ಕ ಹೇಳಿಬಿಡುತ್ತೇನೆ:
ಗುಡ್ಡದ ಮೇಲೆ ಹದಿಮೂರು ಬಲೆ,
ಬಲೆಗೆ ಎರಡೆರಡು ನೀಲಗಿರಿ ಕಂಬ,
ಕೆಳಗೆ ಸೀಳಿದ ಪೈಪು, ಪೈಪಿನ ಕೊನೆಗೆ ನೀಲಿ ಡ್ರಮ್ಮು.
ಜೂನ್‌ನಿಂದ ನವೆಂಬರ್‌ವರೆಗೆ
ಸಮುದ್ರ ಮಂಜಾಗಿ ಹತ್ತಿ ಬರುತ್ತದೆ
ಲಿಮಾದ ಅಂಚಿನ ಈ ಬೋಳು ಗುಡ್ಡಕ್ಕೆ.
ಮಳೆ ಮಾತ್ರ ಬರುವುದಿಲ್ಲ.
ನನ್ನ ಮಗಳಿಗೆ ಒಂಬತ್ತು ವರ್ಷ;
ಛತ್ರಿ ಎಂದರೆ ಅವಳಿಗೆ ಚಿತ್ರದಲ್ಲಿ ನೋಡಿದ ಪ್ರಾಣಿ.

ಹೋದ ವರ್ಷ ಕ್ಯಾಮೆರಾದವರು ಬಂದರು.
ನಾಲ್ಕು ಜನ, ಒಳ್ಳೆಯವರು,
ನಮ್ಮ ಜೊತೆ ಒಂದೇ ಹಂಡೆಯ ಸಾರು ಉಂಡರು,
ತಟ್ಟೆ ತಾವೇ ತೊಳೆಯಲು ಹೋಗಿ
ಮೂರು ಮನೆಯ ನೀರು ಮುಗಿಸಿದರು.
ಯಾರೂ ಏನೂ ಅನ್ನಲಿಲ್ಲ. ನಾನು ಬರೆದುಕೊಂಡೆ.

ಎರ್ಮೆಲಿಂಡಾ ಬಕೆಟ್ ಹೊತ್ತು ಮೆಟ್ಟಿಲು ಹತ್ತಬೇಕಿತ್ತು.
ಹತ್ತಿದಳು.
ಇನ್ನೊಮ್ಮೆ, ಅಂದಳು ನಿರ್ದೇಶಕಿ, ಬೆಳಕು ಸರಿಯಿಲ್ಲ.
ಹತ್ತಿದಳು.
ಇನ್ನೊಮ್ಮೆ, ಈ ಸಲ ನಮ್ಮ ಕಡೆ ನೋಡಬೇಡಿ.
ಐದನೇ ಸಲ ಅವಳು ಹೊತ್ತದ್ದು ಖಾಲಿ ಬಕೆಟ್ಟು;
ತುಂಬಿದ್ದರ ಹಾಗೆಯೇ ಬಾಗಿ ನಡೆದಳು,
ಮೂವತ್ತು ವರ್ಷದ ರೂಢಿ ಬೆನ್ನಿಗೆ.
ಚಿತ್ರದಲ್ಲಿರುವುದು ಅದೇ.

ಈ ವರ್ಷ ಅದನ್ನು ತೋರಿಸಲು ಬಂದರು.
ಎಲ್ಲೆಲ್ಲೋ ಬಹುಮಾನ ಬಂದಿದೆಯಂತೆ,
ಚಿತ್ರ ಮುಗಿದಾಗ ಜನ ಎದ್ದು ನಿಂತರಂತೆ.
ಕಾಲು ಜೋಮು ಹಿಡಿದಿತ್ತೇನೋ, ಅಂದ ಹಿಲಾರಿಯೊ.

ಬಿಳಿ ಪರದೆ ಗಾಳಿಗೆ ಎರಡೇ ನಿಮಿಷ ತಡೆಯಿತು,
ಹರಿದು ಕೆಳಗಿನ ಕೋಳಿಗೂಡಿನ ಮೇಲೆ ಬಿತ್ತು.
ಆಗ ಹಿಲಾರಿಯೊನೇ ಹೇಳಿದ್ದು:
ಹದಿಮೂರನೇ ಬಲೆ ಇದೆಯಲ್ಲ,
ಅದು ಗಾಳಿಯ ಜೊತೆ ಜಗಳಕ್ಕೆ ನಿಲ್ಲುವುದಿಲ್ಲ,
ಹೋಗು ಮಾರಾಯ ಎಂದು ಬಿಟ್ಟುಬಿಡುತ್ತದೆ.

ಜನರೇಟರು ಗುರುಗುಟ್ಟಿತು.
ಬಲೆಯ ಮೇಲೆ ನಾವು ಮೂಡಿದೆವು.
ಹಸಿರು ನೂಲಿನ ಮುಖ, ಮುಖದ ತುಂಬ ತೂತು.
ಎರಡಾಳೆತ್ತರದ ಎರ್ಮೆಲಿಂಡಾ
ಖಾಲಿ ಬಕೆಟ್ಟಿನ ಭಾರಕ್ಕೆ ಬಾಗಿ ಬರುತ್ತಿದ್ದಳು.
ನಾವು ಬಿದ್ದು ಬಿದ್ದು ನಕ್ಕೆವು.
ನಿರ್ದೇಶಕಿಗೆ ತಿಳಿಯಲಿಲ್ಲ;
ಬೇರೆ ಊರುಗಳಲ್ಲಿ ಆ ಜಾಗದಲ್ಲಿ ಅಳುತ್ತಿದ್ದರಂತೆ.

ಹಿನ್ನೆಲೆಯ ದನಿ ನಮ್ಮನ್ನು 'ಬಗ್ಗದವರು' ಎಂದಿತು.
ಮುದುಕಿ ಟೆಯೊಡೋಮಿರಾ ಸೊಂಟ ಹಿಡಿದುಕೊಂಡು
ಯಾರು? ಅಂದಳು.

ಚಿತ್ರದಲ್ಲಿ ಇಲ್ಲದ್ದನ್ನೂ ಎಲ್ಲಾದರೂ ಬರೆಯಬೇಕಲ್ಲ:
ಟ್ಯಾಂಕರಿನ ಸಾಬಿನೊ, ಸಾಲವೆಂದೂ ಬರೆದುಕೊಳ್ಳದೆ
ಎರಡು ತಿಂಗಳು ನೀರು ಹಾಕಿದವನು.
ಡ್ರಮ್ಮಿನ ಬೀಗ ಒಡೆದವನು, ಹೆಸರು ನನಗೆ ಗೊತ್ತು,
ಪುಸ್ತಕಕ್ಕೆ ಗೊತ್ತಿಲ್ಲ.
ಏಳನೇ ಬಲೆಯ ವಿಷಯಕ್ಕೆ ಮಾತು ಬಿಟ್ಟ ಅಕ್ಕತಂಗಿಯರು
ಇವತ್ತಿಗೂ ಒಂದೇ ಹಂಡೆಗೆ ಆಲೂಗಡ್ಡೆ ಸುಲಿಯುತ್ತಾರೆ,
ಬೆನ್ನಿಗೆ ಬೆನ್ನು ಹಾಕಿ.

ಅರ್ಧ ಚಿತ್ರವಾಗಿರಬೇಕು. ಮಂಜು ಬಂತು.
ಮೊದಲು ಗೊತ್ತಾದದ್ದು ಬೆಳಕಿಗೆ:
ಯಂತ್ರದಿಂದ ಹೊರಟ ಕಿರಣ ದಪ್ಪಗಾಯಿತು,
ಹಿಡಿದು ಹತ್ತಬಹುದಾದ ಹಗ್ಗದ ಹಾಗೆ.
ನಮ್ಮ ಮುಖಗಳು ಬಲೆ ಬಿಟ್ಟು ಗಾಳಿಯಲ್ಲಿ ಹಿಗ್ಗಿದವು,
ಒಂದರೊಳಗೊಂದು ಕಲಸಿಹೋದವು,
ಆಮೇಲೆ ಬರೀ ಬಿಳುಪು, ಮತ್ತು
ನಮ್ಮ ಬಗ್ಗೆ ಯಾರೋ ಮಾತಾಡುತ್ತಿರುವ ಸದ್ದು.

ಅದರಡಿಯಲ್ಲಿ ಇನ್ನೊಂದು ಸದ್ದು.
ಟಪ್.
ಟಪ್ ಟಪ್.

ಯಾರೂ ಹೇಳಲಿಲ್ಲ, ಎಲ್ಲರೂ ಎದ್ದರು.
ಹತ್ತನೆಯದರ ಪೈಪು ಸರಿದಿದೆ, ಟಾರ್ಚು ಹಿಡಿ,
ಮುಚ್ಚಳ ತೆಗೆ, ಮಗುವನ್ನು ಕೆಳಗಿಳಿಸು ಮೊದಲು.
ಕುರ್ಚಿಗಳೆಲ್ಲ ಖಾಲಿ.
ನಿರ್ದೇಶಕಿ ಕ್ಯಾಮೆರಾಕ್ಕೆ ಕೈ ಹಾಕಿದವಳು
ಯಾಕೋ ಹಿಂದೆ ತೆಗೆದಳು.
ಎರ್ಮೆಲಿಂಡಾ ಆ ಕೈಗೆ ಬಕೆಟ್ ಕೊಟ್ಟಳು. ತುಂಬಿದ್ದು.
ಮೆಟ್ಟಿಲು ತೋರಿಸಿದಳು.
ಐದು ಸಲ ಹತ್ತಿಸಲಿಲ್ಲ, ಒಳ್ಳೆಯ ಹೆಂಗಸು,
ಎರಡು ಸಾಕು ಅಂದಳು.

ಹನಿಗೂಡಿದರೆ ಹಳ್ಳ ಅನ್ನುತ್ತಾರೆ.
ನಾನು ಹುಟ್ಟಿದ್ದು ಇಲ್ಲೇ, ಹಳ್ಳ ಕಂಡವಳಲ್ಲ.
ಬೆಳಗಿನ ಲೆಕ್ಕ: ಆರು ಡ್ರಮ್ಮು, ಮೇಲೆರಡು ಬಕೆಟ್ಟು.
ಹದಿಮೂರನೆಯದರ ನೀರು ಉಳಿದವುಗಳ ಹಾಗೇ ಇತ್ತು,
ತುಸು ಧೂಳು.
ಡೀಸೆಲ್ ವಾಸನೆ ಎಂದು ಟೆಯೊಡೋಮಿರಾಳ ತಕರಾರು.
ಅದನ್ನೂ ಬರೆದಿದ್ದೇನೆ.